ರಸ್ತೆ ಕಡೆಯ ಬಾಗಿಲು

“ನಿಮ್ಮೋರ್ಗೆ ರೋಡ್ ಕಡೀಕೆ ಬಾಗ್ಲು ಯಾಕ್ಲಾ ಗಂಗಾ? ಯಾವ ಮಂತ್ರಿ ಬತ್ತಾನೆ ನಿಮ್ಮನೇಗೆ?”

ಕಂಟ್ರಾಕ್ಟರ್ ಕಾಂತರಾಜು ಬೈಕಿನಿಂದ ಇಳಿಯದೆಯೇ ಹೀಗೆ ಕೇಳಿದ. ಎಂ-ಸ್ಯಾಂಡ್ ಜರಡಿ ಹಿಡಿಯುತ್ತಿದ್ದ ಗಂಗಯ್ಯ ಜರಡಿ ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತ. ಮನೆ ಅವನದು, ಕಟ್ಟಿಸುವ ದುಡ್ಡೂ ಅವನದೇ. ಆದರೂ ಟವೆಲು ತನ್ನಷ್ಟಕ್ಕೆ ತಾನೇ ಕಂಕುಳಿಗೆ ಬಂದಿತ್ತು.

ಗಂಗಯ್ಯ ವಯಸ್ಸನ್ನೆಲ್ಲ ಕಾಂತರಾಜುವಿನ ಕೈಕೆಳಗೆ ಕಂಬಿ ಕಟ್ಟುವುದರಲ್ಲೇ ಕಳೆದವನು. ಹಾಸನದ ಬಡಾವಣೆಗಳಲ್ಲಿ ಅವನು ಕಂಬಿ ಬಗ್ಗಿಸದ ಬೀದಿಯಿರಲಿಲ್ಲ. ಹಾಗಾಗಿ ಕಟ್ಟಾಯ ರಸ್ತೆಯಲ್ಲಿ ತಾನೇ ಒಂದು ಮನೆ ಕಟ್ಟಿಸುವ ಹೊತ್ತು ಬಂದಾಗ ಬೇರೆ ಕಂಟ್ರಾಕ್ಟರನ್ನು ಹುಡುಕಲಿಲ್ಲ. ಕಾಂತರಾಜುವೂ ಹೆಗಲ ಮೇಲೆ ಕೈಯೊಂದನ್ನು ಇಡದೆ ಉಳಿದ ಎಲ್ಲ ವಿಶ್ವಾಸ ತೋರಿಸಿ, ನಿನ್ನ ಮನೆ ಅಂದರೆ ನನ್ನ ಮನೆ ಇದ್ದ ಹಾಗೆ ಅಂದಿದ್ದ. ಆ ಮಾತು ಸುಳ್ಳಾಗಲಿಲ್ಲ. ಗಂಗಯ್ಯನ ಸೈಟಿನಲ್ಲಿ ಇಳಿದ ಸಿಮೆಂಟು, ಕಂಬಿಗಳನ್ನು ತನ್ನದೇ ಎಂಬಂತೆ ಟೆಂಪೋದಲ್ಲಿ ಹೇರಿಕೊಂಡು ಇನ್ನೊಂದು ಕೆಲಸಕ್ಕೆ ಸಾಗಿಸುತ್ತಿದ್ದ. ಕೂಲಿಯೆಲ್ಲ ಸೇರಿಸಿ ಮಾತಾಡಿದ ಗುತ್ತಿಗೆ ಅದು. ಆದರೆ ಆಳು ಕಡಿಮೆಯಾದಾಗ ಗಂಗಯ್ಯನನ್ನೇ ಕರೆದು ಮಣ್ಣು ಹೊರಿಸುತ್ತಿದ್ದ. ತನ್ನ ಮನೆಗೆ ತಾನೇ ದುಡ್ಡು ಕೊಟ್ಟು, ತಾನೇ ಬಿಟ್ಟಿ ದುಡಿಯುವ ಯಜಮಾನನಾಗಿದ್ದ ಗಂಗಯ್ಯ.

ಸೈಟು ಅವನ ಹೆಂಡತಿ ಮುದ್ದಮ್ಮನ ಹೆಸರಿನಲ್ಲಿತ್ತು. ಅವಳು ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಗಡ್ಡೆ ಆರಿಸುವವಳು. ಮಗಳು ಕವನಾ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಇಬ್ಬರೂ ಕೂಡಿಸಿದ್ದರ ಮೇಲೆ ಬ್ಯಾಂಕಿನವರಿಂದ ಸಾಲ ತೆಗೆದಿದ್ದರು. ಮಾರಿದವನಿಗೆ ಅರ್ಜೆಂಟಿತ್ತು, ಕೊಂಡವರು ಯಾರೆಂದು ಕೇಳಲಿಲ್ಲ. ಕೇಳಿ ತಿಳಿದುಕೊಂಡವನು ಎದುರು ಮನೆಯ ಗೌರೀಶಂಕರ. ಅವನು ತಿಳಿದುಕೊಂಡದ್ದು ಪಾಯ ತೋಡಿದ ಮೇಲೆ.

ಗೌರೀಶಂಕರನದು ಸಿಮೆಂಟು, ಕಬ್ಬಿಣದ ಅಂಗಡಿ. ಕಾಂತರಾಜುವಿಗೆ ಸಾಮಾನು ಸಾಲ ಕೊಡುವವನು ಅವನೇ. ಒರಟು ಮಾತಿನ ಮನುಷ್ಯನಲ್ಲ. ಗಂಗಯ್ಯನನ್ನು ಗಂಗಯ್ಯನವರೇ ಎಂದೇ ಕರೆಯುತ್ತಿದ್ದ. ಬಾಗಿಲಿನ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಭಾರ ಹೊರುವ ಕಾಂಕ್ರೀಟು ಲಿಂಟಲ್ ಹಾಕಿದ ವಾರದಲ್ಲೇ ಅರಕಲಗೂಡಿನ ಕಡೆಯ ಜೋಯಿಸರೊಬ್ಬರನ್ನು ತನ್ನ ಕಾರಿನಲ್ಲೇ ಕರೆತಂದ. ನೆರೆಹೊರೆಯವರ ಒಳ್ಳೆಯದನ್ನು ನಾವು ನೋಡದೆ ಇನ್ಯಾರು ನೋಡುತ್ತಾರೆ ಎಂದ.

ಜೋಯಿಸರು ಸೈಟಿನೊಳಗೆ ಕಾಲಿಡಲಿಲ್ಲ. ಟಾರು ರಸ್ತೆಯ ಮೇಲೇ ನಿಂತು ಮೊಬೈಲು ತೆಗೆದು ದಿಕ್ಕು ನೋಡಿದರು. ಇದು ದಕ್ಷಿಣದ ಬಾಗಿಲು, ಯಮನ ಬಾಗಿಲು, ಮನೆ ಯಜಮಾನನನ್ನು ನುಂಗುತ್ತದೆ, ಹಿಂದುಗಡೆಗೆ ತಿರುಗಿಸಿ ಎಂದರು. ಗಂಗಯ್ಯ ಜೇಬಿನಿಂದ ನೋಟು ತೆಗೆದು ಚಾಚಿದಾಗ ಎರಡು ಹೆಜ್ಜೆ ಹಿಂದೆ ಸರಿದು, ಅದೇ ಮೊಬೈಲನ್ನು ದೂರದಿಂದ ತೋರಿಸಿ ಸ್ಕ್ಯಾನ್ ಮಾಡಪ್ಪ ಎಂದರು. ಫೋನಿನೊಳಗೆ ಬಂದ ದುಡ್ಡಿಗೆ ಮೈಲಿಗೆಯಿರಲಿಲ್ಲ.

ಗೋಡೆಗೆ ನೀರು ಹೊಡೆಯುತ್ತಿದ್ದ ಮುದ್ದಮ್ಮ ಪೈಪು ಹಿಡಿದುಕೊಂಡೇ ರಸ್ತೆಯವರೆಗೂ ಬಂದಳು.

“ಯಮ ನಮ್ಮನೇಗೆ ವೊಸಬನಲ್ಲ ಸಾಮಿ. ನಮ್ಮತ್ತೆ ಸತ್ತಾಗ ಗುಡ್ಸಲಿಗೆ ಬಾಗ್ಲೇ ಇರ್ಲಿಲ್ಲ, ಆವಾಗ್ಲೂ ಬಂದಿದ್ದ. ಬಾಗ್ಲು ಎಲ್ಲಿದ್ದದೋ ಅಲ್ಲೇ ಇರ್ಲಿ.”

ಪೈಪಿನ ನೀರು ರಸ್ತೆಗೆ ಹರಿದು ಜೋಯಿಸರ ಚಪ್ಪಲಿಯ ಕಡೆ ಬಂತು. ಅವರು ಬೇಗ ಕಾರು ಹತ್ತಿದರು. ಗೌರೀಶಂಕರ ನಗುತ್ತಲೇ ಇದ್ದ. ನಮಗೇನೂ ಇಲ್ಲಮ್ಮ, ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದು ಬಾಗಿಲು ತೆಗೆದರೆ ಎದುರಿಗೆ ಏನು ಕಾಣುತ್ತದೆ ಅನ್ನುವುದೂ ಒಂದು ಇರುತ್ತದಲ್ಲ ಎಂದ. ವಾಸ್ತುವಿನ ಗುಟ್ಟು ಅಷ್ಟೇ ಆಗಿತ್ತು.

ಮರುದಿನದಿಂದ ಕೆಲಸ ನಿಂತಿತು.

ತಾರಸಿಯ ಮೋಲ್ಡಿಗೆಂದು ತಂದಿದ್ದ ಸೆಂಟ್ರಿಂಗ್ ಶೀಟುಗಳನ್ನು ಕಾಂತರಾಜು ಹಿರೀಸಾವೆ ಕಡೆಯ ಯಾವುದೋ ಹೋಟೆಲ್ ಕೆಲಸಕ್ಕೆ ಕಳಿಸಿಬಿಟ್ಟ. ಮೇಸ್ತ್ರಿ ಬರಲಿಲ್ಲ. ಫೋನು ಮಾಡಿದರೆ ತೆಗೆಯಲಿಲ್ಲ. ಗಂಗಯ್ಯನ ಸಂಸಾರ ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾದಿತು. ಉಳಿದಿದ್ದ ಸಿಮೆಂಟು ತೇವ ಹಿಡಿದು ಮೂಟೆಯಲ್ಲೇ ಕಲ್ಲಾಯಿತು. ಬ್ಯಾಂಕಿನ ಕಂತು ಮಾತ್ರ ಕಲ್ಲಾಗದೆ ತಿಂಗಳು ತಿಂಗಳು ಬರುತ್ತಲೇ ಇತ್ತು. ಬೇರೆ ಕಂಟ್ರಾಕ್ಟರುಗಳನ್ನು ಕವನಾ ವಿಚಾರಿಸಿದಳು. ಒಬ್ಬ ಕೆಲಸಕ್ಕೆ ಬರುತ್ತೇನೆಂದು ಒಪ್ಪಿದವನು, ಎದುರು ಯಾರ ಮನೆ ಎಂದು ತಿಳಿದ ಮೇಲೆ ಬರಲಿಲ್ಲ.

ಒಂದು ದಿನ ಕಾಂತರಾಜು ಬಂದ. ಮುದ್ದಮ್ಮ ಟೀ ಕಾಸಿ ಹೊಸ ಸ್ಟೀಲು ಲೋಟದಲ್ಲಿ ತಂದಿಟ್ಟಳು. ನನಗೆ ಶುಗರ್ರು ಎಂದ. ಸಕ್ಕರೆ ಹಾಕದೆ ತರುತ್ತೇನೆ ಎಂದಳು. ಟೀ ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದ. ಆಮೇಲೆ ರಸ್ತೆ ದಾಟಿ ಗೌರೀಶಂಕರನ ಜಗಲಿಯಲ್ಲಿ ಕುಳಿತ. ಆ ಮನೆಯ ನೀಲಾಂಬಿಕೆ ತಂದುಕೊಟ್ಟ ಟೀಯನ್ನು, ಇವರಿಗೆ ಕಾಣುವ ಹಾಗೆ, ಬಿಸ್ಕತ್ತು ಅದ್ದಿಕೊಂಡು ಕುಡಿದ.

ಗಂಗಯ್ಯ ಅಲ್ಲಿಗೇ ಹೋಗಿ ಜಗಲಿಯ ಕೆಳಗೆ ನಿಂತು ಕೆಲಸ ಶುರುಮಾಡಿಕೊಡಿ ಎಂದು ಕೇಳಿದ. ಬಾಗಿಲು ಹಿಂದಕ್ಕೆ ಹಾಕಿದರೆ ನಾಳೆಯೇ ಮೋಲ್ಡ್ ಎಂದ ಕಾಂತರಾಜು. ಸಿಮೆಂಟಿನಲ್ಲಿ ನಾನೂ ಒಂದಿಷ್ಟು ಬಿಟ್ಟುಕೊಡುತ್ತೇನೆ ಎಂದ ಗೌರೀಶಂಕರ. ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಊರಿನ ಕೊಳೆಯೆಲ್ಲ ಹರಿಯುವ ಚರಂಡಿ, ಅದರಾಚೆ ಮುಳ್ಳುಪೊದೆ.

ಮುದ್ದಮ್ಮ ಮಗಳ ಜೊತೆ ಬ್ಯಾಂಕಿಗೆ ಹೋಗಿದ್ದ ದಿನ ಕೆಲಸ ನಡೆಯಿತು. ಅವರು ಬಸ್ಸಿನಿಂದ ಇಳಿದಾಗ ಚೌಕಟ್ಟು ಇರಲಿಲ್ಲ. ಲಿಂಟಲಿನ ಕೆಳಗೆ ಬಾಗಿಲಿದ್ದ ಜಾಗಕ್ಕೆ ಬ್ಲಾಕು ಜೋಡಿಸಿ ಮುಚ್ಚಿದ್ದರು. ಗಾರೆ ಇನ್ನೂ ಹಸಿಯಾಗಿತ್ತು. ಹಿಂದಿನ ಗೋಡೆಯಲ್ಲಿ ಬಗ್ಗಿ ಹೋಗುವಷ್ಟು ಎತ್ತರದ ಒಂದು ಕಂಡಿ ಒಡೆದಿದ್ದರು. ಗಂಗಯ್ಯ ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವನ ಕೈಯಲ್ಲೂ ಗಾರೆ ಮೆತ್ತಿತ್ತು.

ಮುದ್ದಮ್ಮ ಆ ಕೈಯನ್ನು ನೋಡಿದಳು.

“ನೀನೇ ಬ್ಲಾಕ್ ಎತ್ಕೊಟ್ಟಾ?”

ಗಂಗಯ್ಯ ಕೈಯನ್ನು ಟವೆಲಿಗೆ ಒರೆಸಿದ.

“ಕಂಬಿ ಬಗ್ಸೀ ಬಗ್ಸೀ ನೀನೇ ಬಗ್ಗೋಗಿದ್ದೀಯ. ನಿನ್ನ ಯಾವ ಮೋಲ್ಡಿಗೆ ಬೇಕಾದ್ರೂ ಆಕ್ಬೋದು. ಥೂ.”

ಅವಳು ಅಳಲಿಲ್ಲ. ಆ ರಾತ್ರಿಯಿಂದ ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಕವನಾ ಪೊಲೀಸಿನವರ ಹತ್ತಿರ ಹೋಗೋಣ ಎಂದಾಗ ಬೇಡ ಎಂದಳು. ಮೊದಲು ತಲೆಯ ಮೇಲೆ ಸೂರು ಬೀಳಲಿ, ಆಮೇಲೆ ಮಿಕ್ಕದ್ದು ನೋಡೋಣ ಎಂದಳು.

ಮುದ್ದಿ ಮೆತ್ತಗಾದಳು ಎಂದು ಕಾಂತರಾಜು ಊರೆಲ್ಲ ಹೇಳಿಕೊಂಡು ಬಂದ. ಸೆಂಟ್ರಿಂಗ್ ಶೀಟುಗಳು ವಾಪಸು ಬಂದವು. ಮೋಲ್ಡ್ ಹಾಕುವ ದಿನ ಮನೆಯವರು ಕೆಲಸದವರಿಗೆ ಊಟ ಹಾಕುವುದು ರೂಢಿ. ಮುದ್ದಮ್ಮ ನಸುಕಿನಲ್ಲೇ ಎದ್ದು ಕೋಳಿಸಾರು, ಮುದ್ದೆ ಮಾಡಿದಳು. ಮಧ್ಯಾಹ್ನ ಕಾಂತರಾಜು ಹಾಸನದ ಹೋಟೆಲಿನಿಂದ ಪೊಟ್ಟಣಗಳನ್ನೂ ನೀರಿನ ಕ್ಯಾನನ್ನೂ ತರಿಸಿ, ತನ್ನ ಮೇಸ್ತ್ರಿಗಳನ್ನು ರಸ್ತೆಯಾಚೆ ಮರದ ಕೆಳಗೆ ಕೂರಿಸಿ ತಿನ್ನಿಸಿದ. ಕಾಂಕ್ರೀಟು ಹೊರಲು ಬಂದಿದ್ದ ಉತ್ತರ ಭಾರತದ ಕಡೆಯ ಹುಡುಗರಿಗೆ ಇಲ್ಲಿನ ಲೆಕ್ಕಾಚಾರ ಗೊತ್ತಿರಲಿಲ್ಲ. ಅವರು ಮುದ್ದಮ್ಮನ ಸಾರನ್ನು ಸುರಿದುಕೊಂಡು ಉಂಡರು. ಪೊಟ್ಟಣ ಬಿಚ್ಚಿಕೊಂಡು ಕುಳಿತ ಮೇಸ್ತ್ರಿಗಳ ಮೂಗು ಸಾರಿನ ವಾಸನೆ ಬಂದ ಕಡೆಗೇ ತಿರುಗಿತ್ತು. ಜಾತಿ ಅವರನ್ನು ತಣ್ಣನೆಯ ಚಿತ್ರಾನ್ನದ ಮುಂದೆ ಕೂರಿಸಿತ್ತು.

ಸೆಂಟ್ರಿಂಗ್ ಬಿಚ್ಚಿದ ಮೇಲೆ ಕೊನೆಯ ದುಡ್ಡು ಕೇಳಲು ಕಾಂತರಾಜು ಬಂದ. ಬಾಗಿಲು ಮುಚ್ಚಿದ್ದಕ್ಕೂ ಎಕ್ಸ್‌ಟ್ರಾ, ಹಿಂದೆ ಕಂಡಿ ಒಡೆದದ್ದಕ್ಕೂ ಎಕ್ಸ್‌ಟ್ರಾ ಎಂದ. ಅಂದು ಭಾನುವಾರ. ಗೌರೀಶಂಕರ ಜಗಲಿಯಲ್ಲಿ ಪೇಪರು ಓದುತ್ತಿದ್ದ. ನೀಲಾಂಬಿಕೆ ಹೊಸಿಲಿಗೆ ಹೂವು ಇಡುತ್ತಿದ್ದಳು. ಗಂಗಯ್ಯ ಟವೆಲು ಕಂಕುಳಲ್ಲಿಟ್ಟುಕೊಂಡು ರಸ್ತೆಯ ಬದಿಯಲ್ಲಿ ಕಾಂತರಾಜುವಿನ ಮಾತು ಕೇಳುತ್ತಿದ್ದ.

ಆಗ ಮನೆಯ ಒಳಗಿನಿಂದ ಗುದ್ದಿದ ಸದ್ದು ಬಂತು. ಮುಂಗೋಡೆಯಿಂದ ಒಂದು ಬ್ಲಾಕು ಹೊರಕ್ಕೆ ಸರಿಯಿತು. ಇನ್ನೊಂದು ಪೆಟ್ಟಿಗೆ ಅದು ರಸ್ತೆಗೇ ಬಂದು ಬಿತ್ತು. ಆ ತೂತಿನಲ್ಲಿ ಮುದ್ದಮ್ಮನ ಮುಖ ಕಂಡಿತು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಕಲ್ಲೊಡೆಯುವ ದೊಡ್ಡ ಸುತ್ತಿಗೆ ಅವಳ ಕೈಯಲ್ಲಿತ್ತು.

“ಲೇ ಮುದ್ದಿ, ತಲೆ ಗಿಲೆ ಕೆಟ್ಟದೇನೇ? ಗೋಡೆ ಒಡುದ್ರೆ ಮೋಲ್ಡ್ ಬಿದ್ದೋಯ್ತದೆ ಕಣೇ. ಒಳಗೇ ಸಾಯ್ತೀಯ,” ಎಂದು ಕಾಂತರಾಜು ಕೂಗಿದ.

ಮುದ್ದಮ್ಮನ ಕೈ ನಿಂತಿತು. ಅವಳು ನೋಡಿದ್ದು ಕಾಂತರಾಜುವನ್ನಲ್ಲ, ಗಂಡನನ್ನು. ಬಾಗಿಲು ಮುಚ್ಚಿದ ದಿನದಿಂದ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಗಂಗಯ್ಯ ತಲೆಯೆತ್ತಿ ಲಿಂಟಲನ್ನು ನೋಡಿದ.

“ಬೀಳಾಕಿಲ್ಲ,” ಎಂದ. “ಮ್ಯಾಲೆ ಲಿಂಟಲ್ ಐತೆ. ನಾನ್ ಕಟ್ಟಿರೋ ಕಂಬಿ. ನೀನ್ ವಡಿ.”

ಕಾಂತರಾಜು ತಿರುಗಿ ಅವನ ಎದೆಯಂಗಿಗೆ ಕೈ ಹಾಕಿದ. ನನ್ನ ಅನ್ನ ತಿಂದು ಬೆಳೆದವನು ನೀನು ಎಂದ. ಗಂಗಯ್ಯ ಆ ಕೈಯನ್ನು ಬಿಡಿಸಿ ಕೆಳಗೆ ಹಾಕಿದ. ಟವೆಲು ಜಾರಿ ಮಣ್ಣಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

“ನಿನ್ ಅನ್ನ ನಾನ್ಯಾವಾಗ್ಲಾ ತಿಂದೆ, ಬಡ್ಡೀಮಗ್ನೆ? ನನ್ ಮನೆ ಸಿಮೆಂಟು ತಿಂದೋನು ನೀನು.”

ಇಷ್ಟು ವರ್ಷಗಳಲ್ಲಿ ಕಾಂತರಾಜುವಿಗೆ ಅವನು ಏಕವಚನ ಆಡಿದ್ದು ಅದೇ ಮೊದಲು. ಆಡಿದವನೇ ಹಿಂದಿನ ಕಂಡಿಯಿಂದ ಬಗ್ಗಿ ಒಳಗೆ ಹೋಗಿ ಹೆಂಡತಿಯ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಬ್ಲಾಕುಗಳು ಒಂದೊಂದಾಗಿ ರಸ್ತೆಯ ಕಡೆಗೆ ಉರುಳಿದವು. ಹಾಸನದ ಬಸ್ಸು ನಿಂತು, ಜನ ಕಿಟಕಿಯಿಂದ ತಲೆ ಹಾಕಿ ನೋಡಿದರು. ಗಂಗಯ್ಯ ಬಾಗಿಲಿನಷ್ಟು ಜಾಗ ಒಡೆದು, ಬಗ್ಗದೆ ಅದರಿಂದ ಹೊರಗೆ ಬಂದ. ಮೈಯೆಲ್ಲ ಬಿಳೀ ದೂಳು. ಕಾಂತರಾಜು ಬೈಕಿನ ಹತ್ತಿರ ಹೋಗಿ ಯಾರ ಯಾರಿಗೋ ಫೋನು ಮಾಡುತ್ತಿದ್ದ. ಗೌರೀಶಂಕರ ಪೇಪರು ಮಡಚಿಕೊಂಡು ಎದ್ದ. ಎದುರು ಮನೆಯ ಬಾಗಿಲು ಮುಚ್ಚಿಕೊಂಡಿತು.

ಅದು ಆಮೇಲೆ ಸರಿಯಾಗಿ ತೆರೆದುಕೊಳ್ಳಲೇ ಇಲ್ಲ. ಗೌರೀಶಂಕರ ಈಗ ಹಿತ್ತಲಿನಿಂದ ಹೊರಟು, ಪಂಚೆ ಎತ್ತಿ ಹಿಡಿದು ತನ್ನ ಮನೆಯ ಬಚ್ಚಲ ನೀರು ದಾಟಿ, ಪಕ್ಕದ ಸಂದಿಯಲ್ಲಿ ಅಂಗಡಿಗೆ ಹೋಗುತ್ತಾನೆ. ಮಂಡಿಯಿಂದ ಬಂದ ಮುದ್ದಮ್ಮ ಒಡೆದ ಜಾಗದಲ್ಲಿ ರಸ್ತೆಗೆ ಕಾಲು ಚಾಚಿ ಕುಳಿತು ಸೊಪ್ಪು ಸೋಸುತ್ತಾಳೆ.

ಹಳೆಯ ಚೌಕಟ್ಟನ್ನು ಕಾಂತರಾಜು ಇನ್ನೊಬ್ಬರ ಮನೆಗೆ ಮಾರಿಕೊಂಡಿದ್ದಾನೆ. ಸುತ್ತಲ ಬಡಗಿಗಳು ಯಾರೂ ಹೊಸದನ್ನು ಮಾಡಿಕೊಡಲು ಒಪ್ಪಿಲ್ಲ. ಹೊಳೆನರಸೀಪುರದಲ್ಲಿ ಒಬ್ಬ ಒಪ್ಪಿದ್ದಾನೆ ಎಂದು ಕವನಾ ಹೇಳುತ್ತಿದ್ದಾಳೆ. ಅವನಿನ್ನೂ ಬಂದಿಲ್ಲ. ಕಾಂತರಾಜು ಕಂಪ್ಲೇಂಟು ಕೊಟ್ಟಿದ್ದಾನೆ ಎಂಬ ಸುದ್ದಿಯಿದೆ. ಕತ್ತಲಾದ ಮೇಲೆ ಒಮ್ಮೊಮ್ಮೆ ಬೈಕುಗಳು ಮನೆಯ ಮುಂದೆ ಬಂದು, ನಿಂತು, ಹೋಗುತ್ತವೆ. ಬಾಗಿಲಿಲ್ಲದ ಬಾಗಿಲಿಗೆ ಶೆಡ್ಡಿನ ತಗಡೊಂದನ್ನು ಅಡ್ಡ ನಿಲ್ಲಿಸಿ, ಅದರ ಹಿಂದೆ, ಸುತ್ತಿಗೆಯನ್ನು ತಲೆಯ ಹತ್ತಿರ ಇಟ್ಟುಕೊಂಡು ಗಂಗಯ್ಯ ಮಲಗುತ್ತಾನೆ.