ತೂಕಕ್ಕೆ ಅಂಟಿಸಿದ ಕಬ್ಬಿಣ

ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚನ್ನು ಸ್ಕ್ಯಾನರಿನಲ್ಲಿಟ್ಟು, ಅದು ಪರದೆಯ ಮೇಲೆ ದವಡೆಯಾಗಿ ಮೂಡಿದ ಮೇಲೆ ಬಿದ್ದ ಹಲ್ಲಿನ ಜಾಗಕ್ಕೆ ಹೊಸ ಹಲ್ಲು ರೂಪಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಮೇಣದಲ್ಲಿ ಕೈಯಾರೆ ಹಲ್ಲು ಕಡೆದವಳು, ಕಂಪ್ಯೂಟರಿಗೆ ಬಂದು ನಾಲ್ಕೇ ವರ್ಷ.

ಯಜಮಾನರು ಸ್ಕ್ಯಾನರ್ ಒಳ್ಳೆಯದನ್ನೇ ತಂದಿದ್ದರು. ಹಲ್ಲು ಕೊರೆಯುವ ಮೆಷಿನ್ನೂ ಒಳ್ಳೆಯದೇ. ಕಂಪ್ಯೂಟರಿನ ಸರದಿ ಬಂದಾಗ ಮಾತ್ರ, "ಎಲ್ಲಾ ಒಂದೇ ಡಬ್ಬ, ಯಾವುದಾದ್ರೇನು" ಎಂದು ಪತ್ರ ಟೈಪ್ ಮಾಡುವುದಕ್ಕೆ ಸಾಕಾಗುವಂಥ ಅಗ್ಗದ್ದೊಂದನ್ನು ತಂದಿಟ್ಟರು. ಪರದೆಯ ಮೇಲಿನ ದವಡೆಯನ್ನು ಒಂದಿಷ್ಟು ತಿರುಗಿಸಿದರೆ ಅದು ಕುಂಟುತ್ತಾ, ನಿಂತು ನಿಂತು ತಿರುಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡಿ ಎಂದು ಹಲ್ಲಕ್ಕ ಎರಡು ವರ್ಷ ಕೇಳಿದಳು. ಕೊನೆಗೆ ಯಜಮಾನರು ತಮ್ಮ ಬಾಮೈದನಿಗೆ ಹೇಳಿದರು. ಲ್ಯಾಬಿನ ಕಂಪ್ಯೂಟರು, ವೈರು, ಪ್ರಿಂಟರು ಎಲ್ಲ ಅವನ ಉಸ್ತುವಾರಿ. ಹೆಂಡತಿಯ ತಮ್ಮನಾದ್ದರಿಂದ ಅವನು ಹೇಳಿದ್ದೇ ಅಲ್ಲಿ ಕೊನೆಯ ಮಾತು.

ಒಂದು ಮಧ್ಯಾಹ್ನ ಅವನು ಕಾರ್ಡನ್ನೂ ಹೊಸ ಪವರ್ ಸಪ್ಲೈಯನ್ನೂ ಹಾಕಿಹೋದ. "ಈ ಕಾರ್ಡು ಕರೆಂಟು ಜಾಸ್ತಿ ಎಳೆಯುತ್ತೆ ಅಕ್ಕ, ಹಳೇ ಸಪ್ಲೈ ತಡೆಯಲ್ಲ. ಅದಕ್ಕೇ ಅದನ್ನೂ ಬದಲಾಯಿಸಿದೀನಿ. ಇನ್ನು ನೀವು ಆಕಾಶದಲ್ಲಿ ಹಾರಾಡಬಹುದು" ಎಂದ. ಐನೂರು ವ್ಯಾಟ್ ಎಂದು ಅದರ ಮೈಮೇಲೆ ಚಿನ್ನದ ಬಣ್ಣದಲ್ಲಿ ಬರೆದಿತ್ತು.

ಹಾರಾಡುವುದಿರಲಿ, ತೆವಳುವುದಕ್ಕೂ ಬಿಡಲಿಲ್ಲ. ಸುಮ್ಮನಿದ್ದಾಗ ಚೆನ್ನಾಗಿರುತ್ತಿದ್ದ ಕಂಪ್ಯೂಟರು, ಇಡೀ ದವಡೆ ತೆರೆದು ಕೆಲಸ ಶುರುಮಾಡಿದ ಕೂಡಲೇ ಪಕ್ಕನೆ ಆರಿಹೋಗುತ್ತಿತ್ತು. ದಿನಕ್ಕೆರಡು ಸಲ, ಕೆಲವೊಮ್ಮೆ ನಾಲ್ಕು ಸಲ. ಬಾಮೈದನನ್ನು ಕೇಳಿದರೆ, "ನೀವು ಒಂದೇ ಸಲ ಹತ್ತು ಫೈಲ್ ತೆಗೀತೀರಿ. ಮೆಷಿನ್ನಿಗೂ ಸ್ವಲ್ಪ ಕರುಣೆ ತೋರಿಸಿ" ಎಂದು ನಕ್ಕ. ಯಜಮಾನರಿಗೆ ಹೇಳಿದರೆ, ಅವನನ್ನೇ ಕೇಳಿ ಎಂದರು. ಹೀಗೇ ಮೂರು ತಿಂಗಳು ನಡೆಯಿತು.

ಆ ಸಮಯದಲ್ಲೇ ಒಬ್ಬರು ಶಾಲಾ ಟೀಚರ ಮುಂದಿನ ಮೂರು ಹಲ್ಲಿನ ಕೆಲಸ ಬಂತು. ಮಾತಾಡಿ ಬದುಕುವವರ ಹಲ್ಲು ಎಂದು ಹಲ್ಲಕ್ಕ ಜೋಪಾನವಾಗಿ ಮಾಡಿದಳು. ಹಲ್ಲಿನ ಹಿಂಬದಿಯನ್ನು ಅರ್ಧ ಮಿಲಿಮೀಟರ್ ತೆಳುಮಾಡಿ, ನಾಲಿಗೆ ತಾಗುವ ಇಳಿಜಾರನ್ನು ಮತ್ತೆ ಮತ್ತೆ ತಿದ್ದಿದಳು. ಅಷ್ಟರಲ್ಲಿ ಕಂಪ್ಯೂಟರು ಆರಿತು. ಹೊತ್ತಿಸಿದಳು. ಮತ್ತೆ ಆರಿತು. ಮೂರನೇ ಸಲ ಹೊತ್ತಿಕೊಂಡಾಗ ತಿದ್ದುವ ಮುಂಚಿನ ಹಳೆಯ ಫೈಲು ತೆರೆದುಕೊಂಡಿದ್ದು ಅವಳ ಗಮನಕ್ಕೆ ಬರಲಿಲ್ಲ. ಹೊರಗೆ ಡೆಲಿವರಿಯವನು ಬಾಗಿಲು ಬಡಿಯುತ್ತಿದ್ದ. ಫೈಲನ್ನು ಕೊರೆಯುವ ಮೆಷಿನ್ನಿಗೆ ಕಳಿಸಿಬಿಟ್ಟಳು.

ಕೆಲಸ ಕಳಿಸಿದ್ದ ಡಾಕ್ಟರಮ್ಮ, ಟೀಚರು ಮಾತಾಡಿ ನೋಡಲಿ ಎಂದು ಆ ಹಲ್ಲುಗಳನ್ನು ತಾತ್ಕಾಲಿಕವಾಗಿ ಕೂರಿಸಿದ್ದರು. ಟೀಚರು 'ಸ' ಅಂದರೆ ಸೀಟಿ, 'ಶ' ಅಂದರೆ ಇನ್ನೂ ಉದ್ದದ ಸೀಟಿ. ತರಗತಿಯಲ್ಲಿ ಹಾಜರಿ ಕೂಗಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರಂತೆ.

ದೂರು ಬಂದ ದಿನವೇ ಯಜಮಾನರು ಡಾಕ್ಟರಮ್ಮನಿಗೆ ಪತ್ರ ಬರೆದರು. ಅದರ ಪ್ರತಿ ಪ್ರಿಂಟರಿನ ತಟ್ಟೆಯಲ್ಲೇ ಬಿದ್ದಿತ್ತು. 'ನಮ್ಮ ಟೆಕ್ನಿಷಿಯನ್ ಒಬ್ಬಳ ಅಜಾಗರೂಕತೆಯಿಂದ ಆದ ತಪ್ಪಿಗೆ ವಿಷಾದಿಸುತ್ತೇವೆ. ಆಕೆಗೆ ಎಚ್ಚರಿಕೆ ನೀಡಲಾಗಿದೆ.'

ಹಲ್ಲಕ್ಕನ ಮೈಯೆಲ್ಲ ಉರಿದುಹೋಯಿತು. ಎಚ್ಚರಿಕೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ತಪ್ಪು ಅವಳದೂ ಇತ್ತು. ಕಳಿಸುವ ಮುನ್ನ ಒಂದು ಸಲ ನೋಡಬೇಕಿತ್ತು. ಅದು ಗೊತ್ತಿದ್ದುದರಿಂದಲೇ ಉರಿ ಇನ್ನೂ ಹೆಚ್ಚಾಯಿತು.

ಅದಾಗಿ ಎರಡು ದಿನಕ್ಕೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಒಂದು ದವಡೆ ತಿರುಗಿಸುತ್ತಿದ್ದಾಗ ಮೇಜಿನ ಕೆಳಗಿಂದ ಠಪ್ಪೆಂದು ಸದ್ದಾಯಿತು. ಕಾಲಿನ ಪಕ್ಕದಲ್ಲೇ ಕಿಡಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಹಲ್ಲಕ್ಕ ಕುರ್ಚಿ ಸಮೇತ ಹಿಂದಕ್ಕೆ ಹಾರಿ ಗೋಡೆಗೆ ಬಡಿದಳು.

ಬಾಮೈದ ಬಂದು ಪವರ್ ಸಪ್ಲೈ ಬಿಚ್ಚಿ ಕಸದ ಬುಟ್ಟಿಗೆ ಎಸೆದ. "ಕರೆಂಟು ಏರುಪೇರಾಗಿದೆ. ಸೋಮವಾರ ಬೇರೆ ತರ್ತೀನಿ" ಎಂದ. ನಿಮಗೇನಾದರೂ ಆಯಿತಾ ಎಂದು ಮಾತ್ರ ಕೇಳಲಿಲ್ಲ.

ಅವನು ಹೋದ ಮೇಲೆ ಹಲ್ಲಕ್ಕ ಅದನ್ನು ಬುಟ್ಟಿಯಿಂದ ಎತ್ತಿ ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅವಳ ಮಾವ, ಗಂಡನ ತಂದೆ, ನಲವತ್ತು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿದವರು. ಈಗ ಬೆರಳು ನಡುಗುತ್ತದೆಂದು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಸೊಸೆ ಕಥೆ ಹೇಳಿ ಮುಗಿಸುವವರೆಗೂ ಅವರು ಆ ಡಬ್ಬಿಯನ್ನು ಅಂಗೈಯಲ್ಲಿ ಆ ಕಡೆ ಈ ಕಡೆ ವಾಲಿಸಿ ನೋಡುತ್ತಿದ್ದರು.

"ಇದರ ತೂಕ ಎಲ್ಲಾ ಒಂದೇ ಮೂಲೇಲಿದೆಯಲ್ಲಮ್ಮ" ಎಂದರು.

"ಬಿಚ್ಚಿ ನೋಡ್ಲಾ ಮಾವ?"

"ಕೈ ಹಚ್ಚಬೇಡ! ಪ್ಲಗ್ ಕಿತ್ತರೂ ಇಂಥಾದ್ದರ ಹೊಟ್ಟೇಲಿ ಕರೆಂಟು ಕೂತಿರುತ್ತೆ. ಇವತ್ತು ಹಾಗೇ ಬಿದ್ದಿರಲಿ. ನಾಳೆ ನಾನೇ ನೋಡ್ತೀನಿ."

ಭಾನುವಾರ ಬೆಳಿಗ್ಗೆ ಅವರು ಕನ್ನಡಕ ಒರೆಸಿಕೊಂಡು, ಬಹಳ ದಿನದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ತೆಗೆದು, ಒಳಗೆ ಉಳಿದಿರಬಹುದಾದ ಕರೆಂಟನ್ನು ತಮ್ಮ ಹಳೆಯ ಸಲಕರಣೆಯಿಂದ ಇಳಿಸಿದರು. ಇರಬೇಕಾದ ಭಾಗಗಳಲ್ಲಿ ಅರ್ಧ ಇರಲಿಲ್ಲ. ಒಂದು ಮೂಲೆಯಲ್ಲಿ ಅಂಗೈಯಗಲದ ಕಬ್ಬಿಣದ ಪಟ್ಟಿ, ಗೋಂದು ಹಾಕಿ ಅಂಟಿಸಿದ್ದು. ಯಾವ ವೈರಿಗೂ ಯಾವ ಭಾಗಕ್ಕೂ ಅದು ತಾಗಿರಲಿಲ್ಲ.

"ಇದು ಯಾತಕ್ಕೆ ಮಾವ?"

"ತೂಕಕ್ಕೆ. ಕೈಯಲ್ಲಿ ಹಿಡಿದವನಿಗೆ ಗಟ್ಟಿ ಮಾಲು ಅನ್ನಿಸಲಿ ಅಂತ." ಮಾವ ಪಟ್ಟಿಯನ್ನು ಕಿತ್ತು ಅವಳ ಕೈಗಿಟ್ಟರು. "ಐನೂರು ಅಂತ ಬರೆದಿದ್ದಾರೆ, ಇನ್ನೂರಕ್ಕೆ ಉಸಿರು ಬಿಡುತ್ತೆ ಇದು. ಬೆಂಕಿ ಹತ್ತಿದ್ದರೆ? ನಿನ್ನ ಕಾಲು ಅಲ್ಲೇ ಇತ್ತಲ್ಲ! ಥೂ, ಇಂಥಾ ಕೆಲಸ ಮಾಡೋ ಕೈಗೆ ಬರೆ ಹಾಕಬೇಕು." ಸಪ್ಲೈಯನ್ನು ತಿರುಗಿಸಿ ನೋಡಿ ಕೇಳಿದರು, "ಇದರ ಮೇಲೆ ಕಂಪನಿ ಹೆಸರೇ ಇಲ್ಲ. ಇದು ಬಂದ ರಟ್ಟಿನ ಡಬ್ಬ ಏನಾಯ್ತು?"

ಬಾಮೈದ ಬಿಟ್ಟುಹೋಗಿದ್ದ ಡಬ್ಬ ಅವಳ ಮೇಜಿನ ಕೆಳಗೇ ಇತ್ತು. ಗಟ್ಟಿ ರಟ್ಟು ಎಂದು ಅದರಲ್ಲಿ ಪ್ಲಾಸ್ಟರ್ ದವಡೆಗಳನ್ನು ತುಂಬಿಟ್ಟಿದ್ದಳು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ದವಡೆಗಳನ್ನು ಹೊರಗಿಟ್ಟು ಡಬ್ಬವನ್ನು ಬೆಳಕಿಗೆ ಹಿಡಿದಳು. ಅದರ ಮೇಲಿನ ಚಿತ್ರದಲ್ಲಿದ್ದದ್ದು ಕಪ್ಪು ಬಣ್ಣದ ಪವರ್ ಸಪ್ಲೈ, ಕಪ್ಪು ಹೊದಿಕೆಯ ಕೇಬಲ್ಲುಗಳು. ಸಿಡಿದದ್ದು ಬೂದು ಬಣ್ಣದ್ದು, ಬಣ್ಣಬಣ್ಣದ ಬರಿ ವೈರುಗಳದ್ದು. ಡಬ್ಬದ ಮೇಲೆ ಕಂಪನಿಯ ಹೆಸರು ದೊಡ್ಡದಾಗಿತ್ತು, ಸಿಡಿದದ್ದರ ಮೇಲೆ ಹೆಸರೇ ಇರಲಿಲ್ಲ. ಅವಳ ಪಿತ್ತ ನೆತ್ತಿಗೇರಿತು. ಮೂರು ತಿಂಗಳಿಂದ ಉತ್ತರ ಅವಳ ಕಾಲಬುಡದಲ್ಲೇ ಇತ್ತು.

ಹತ್ತು ಗಂಟೆಗೆ ಯಜಮಾನರ ಕೋಣೆಗೆ ಹೋದಳು. ಬಾಮೈದ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಡಬ್ಬ, ಸುಟ್ಟ ಸಪ್ಲೈ, ಕಬ್ಬಿಣದ ಪಟ್ಟಿ, ಮೂರನ್ನೂ ಮೇಜಿನ ಮೇಲಿಟ್ಟಳು. ಪಟ್ಟಿ ಗಾಜಿನ ಮೇಲೆ ಖಣ್ ಎಂದಿತು.

"ಏನಿದು ಹಲ್ಲಕ್ಕ?" ಎಂದರು ಯಜಮಾನರು.

"ಕಂಪ್ಯೂಟರಿಗೆ ಹಾಕಿದ್ದ ಪವರ್ ಸಪ್ಲೈ. ಇದು ಅದರ ಹೊಟ್ಟೇಲಿದ್ದ ಕಬ್ಬಿಣ. ಇದು ನೀವು ತರಿಸಿದ ಸಾಮಾನಿನ ಡಬ್ಬ. ಡಬ್ಬದಲ್ಲಿದ್ದದ್ದು ಎಲ್ಲಿಗೆ ಹೋಯ್ತು ಅಂತ ಇವನನ್ನ ಕೇಳಿ."

ಬಾಮೈದ ನಕ್ಕ. "ಅಕ್ಕ, ಹಲ್ಲಿನ ವಿಷಯ ನೀವು ನೋಡ್ಕೊಳ್ಳಿ. ಬಿಸಿ ಹೀರ್ಕೊಳ್ಳೋಕೆ ಒಳಗೆ ಲೋಹ ಇಟ್ಟೇ ಇಡ್ತಾರೆ."

"ಬಿಸಿ ಹೀರೋಕೆ ಅಲ್ಯೂಮಿನಿಯಂ ಇಡ್ತಾರೆ, ಬಿಸಿಯಾಗೋ ಭಾಗಕ್ಕೆ ತಾಗಿಸಿ ಇಡ್ತಾರೆ. ಇದನ್ನ ಮೂಲೇಲಿ ಗೋಂದು ಹಾಕಿ ಅಂಟಿಸಿದ್ರು. ಯಾರಿಗೆ ಕಿವಿ ಮೇಲೆ ಹೂ ಇಡ್ತಿದೀಯ? ಚಿತ್ರ ನೋಡು. ಕಪ್ಪು ಹೋಗಿ ಬೂದು ಹೇಗಾಯ್ತು?"

ಯಜಮಾನರು ಡಬ್ಬ ತಿರುಗಿಸಿ ನೋಡಿದರು. ಬಾಮೈದನ ಮುಖ ಬಿಳಿಚಿಕೊಂಡಿತು.

"ಭಾವ, ಮನೇಲಿ ನನ್ನ ಗೇಮ್ ಆಡೋ ಕಂಪ್ಯೂಟರಿನ ಸಪ್ಲೈ ಕೆಟ್ಟಿತ್ತು. ಪಂದ್ಯ ಇತ್ತು. ಒಂದು ವಾರಕ್ಕೆ ಅಂತ ತಗೊಂಡೆ. ಇಲ್ಲಿಗೆ ಫ್ರೆಂಡ್ ಹತ್ರ ಬಿದ್ದಿದ್ದನ್ನ ಹಾಕಿದ್ದೆ. ಆಮೇಲೆ ಮರೆತುಹೋಯ್ತು."

"ಮರೆತುಹೋಯ್ತಾ?" ಹಲ್ಲಕ್ಕನ ದನಿ ಹೊರಗಿನ ಕೋಣೆಗೂ ಕೇಳಿತು. ಅಲ್ಲಿ ಹಲ್ಲು ನಯಮಾಡುವ ಗ್ರೈಂಡರಿನ ಸದ್ದು ನಿಂತಿತು. "ದಿನಾ ಬಂದು ಕೇಳಿದೆನಲ್ಲೋ! ಮೆಷಿನ್ನಿಗೆ ಕರುಣೆ ತೋರಿಸಿ ಅಂದೆಯಲ್ಲ, ಆಗ ಮರೆತಿತ್ತಾ? ನೀನು ಮನೇಲಿ ಆಟ ಆಡ್ತಿದ್ದೆ, ಇಲ್ಲಿ ಬೈಗುಳ ನಾನು ತಿಂತಿದ್ದೆ!"

"ನಿಧಾನ, ನಿಧಾನ," ಎಂದರು ಯಜಮಾನರು. "ಆಗಿದ್ದು ಆಯ್ತು. ಮಧ್ಯಾಹ್ನದೊಳಗೆ ಅದನ್ನ ತಂದು ಹಾಕ್ತಾನೆ. ಇದು ಮನೆಮಂದಿ ವಿಷಯ, ಇಲ್ಲಿಗೇ ಬಿಟ್ಟುಬಿಡಿ."

"ನನ್ನ ಮೇಲೆ ಬರೆದ ಪತ್ರ?"

"ಹೋದ ಪತ್ರ ಹೋಯ್ತು. ಮತ್ತೆ ಬರೆದ್ರೆ ಲ್ಯಾಬಿನ ಮರ್ಯಾದೆ ಏನಾಗಬೇಕು?"

ಹಲ್ಲಕ್ಕ ಅವರ ಮೇಜಿನ ಮೇಲಿನ ಫೋನನ್ನೇ ತನ್ನ ಕಡೆಗೆ ಎಳೆದುಕೊಂಡು ಡಾಕ್ಟರಮ್ಮನ ನಂಬರ್ ಒತ್ತಿದಳು. ಯಜಮಾನರು ಕೈ ಚಾಚಿದರು, ಅವಳ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡರು.

"ಡಾಕ್ಟರಮ್ಮ, ನಾನು ಲ್ಯಾಬಿನ ಟೆಕ್ನಿಷಿಯನ್ನು. ಟೀಚರ ಹಲ್ಲು ಹಾಳಾಗಿದ್ದರಲ್ಲಿ ಅರ್ಧ ತಪ್ಪು ನಂದು, ಕಳಿಸೋ ಮುಂಚೆ ನೋಡಲಿಲ್ಲ. ಇನ್ನರ್ಧ ಇಲ್ಲಿ ಕದ್ದು ಹಾಕಿದ ನಕಲಿ ಸಾಮಾನಿಂದು. ಕಂಪ್ಯೂಟರು ದಿನಾ ಆರಿಹೋಗ್ತಿತ್ತು, ಮೂರು ತಿಂಗಳಿಂದ ಹೇಳಿದ್ರೂ ಯಾರೂ ಕೇಳಲಿಲ್ಲ. ಹೊಸ ಹಲ್ಲು ಬುಧವಾರ ನಾನೇ ತರ್ತೀನಿ."

"ತನ್ನಿ. ನಿಮ್ಮ ಯಜಮಾನರಿಂದ ಇದೇ ಮಾತು ಬರಹದಲ್ಲಿ ಬರಲಿ. ಅಲ್ಲಿವರೆಗೆ ಹೊಸ ಕೆಲಸ ಕಳಿಸಲ್ಲ" ಎಂದರು ಡಾಕ್ಟರಮ್ಮ.

ಮಧ್ಯಾಹ್ನ ಬಾಮೈದ ಕಪ್ಪು ಸಪ್ಲೈ ತಂದ. ಹಲ್ಲಕ್ಕ ಅವನನ್ನು ಕಂಪ್ಯೂಟರಿನ ಹತ್ತಿರಕ್ಕೂ ಬಿಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾವ ಬಂದರು. ಅವರು ಕುರ್ಚಿಯಲ್ಲಿ ಕೂತು ಹೇಳಿದರು, ಅವಳು ನೆಲದ ಮೇಲೆ ಕೂತು ಮಾಡಿದಳು. ಪ್ಲಗ್ ಕಿತ್ತಿದ್ದನ್ನು ಮಾವ ಎರಡು ಸಲ ಬಗ್ಗಿ ನೋಡಿದರು. ಹಿಂದಿನ ನಾಲ್ಕು ಸ್ಕ್ರೂ ಬಿಗಿದದ್ದಾಯಿತು. ಅಗಲದ ಕೇಬಲ್ಲು ಮದರ್‌ಬೋರ್ಡಿಗೆ, ಅದರ ಪಕ್ಕದ ಚಿಕ್ಕದು ಪ್ರೊಸೆಸರಿಗೆ.

"ಒತ್ತಬೇಡ, ಕೂರಿಸು. ಸರಿಯಾದ ಜಾಗ ಸಿಕ್ಕರೆ ಅದೇ ಟಕ್ ಅನ್ನುತ್ತೆ" ಎಂದರು ಮಾವ.

ಟಕ್ ಅಂದಿತು. ಸಿಡಿತದಲ್ಲಿ ಕಾರ್ಡೂ ಸುಟ್ಟಿರಬಹುದು ಎಂಬ ಅಳುಕಿನಲ್ಲೇ ಅದಕ್ಕೂ ಕೇಬಲ್ಲು ಸೇರಿಸಿ ಸ್ವಿಚ್ ಒತ್ತಿದಳು. ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ಇಡೀ ದವಡೆ ತೆರೆದು ಬೇಕೆಂದೇ ಗರಗರ ತಿರುಗಿಸಿದಳು. ಕುಂಟಲಿಲ್ಲ, ಆರಲಿಲ್ಲ. ಸಂಜೆ ಐದರವರೆಗೆ ಟೀಚರ ಮೂರು ಹಲ್ಲಿನ ಮೇಲೇ ಕೂತಳು. ಕಳಿಸುವ ಮುಂಚೆ ಈ ಸಲ ನಾಲ್ಕು ಬಾರಿ ನೋಡಿದಳು.

ಬುಧವಾರ ಕ್ಲಿನಿಕ್ಕಿನಲ್ಲಿ ಟೀಚರು ಹೊಸ ಹಲ್ಲು ಹಾಕಿಸಿಕೊಂಡು ಎದ್ದು ಕೂತರು. ಹಲ್ಲಕ್ಕ ಕ್ಷಮೆ ಕೇಳಿ, ನಡೆದದ್ದನ್ನು ಹೇಳಲು ಶುರುಮಾಡಿದಳು.

"ಸಾಕು," ಎಂದರು ಟೀಚರು. ದನಿ ಸ್ಪಷ್ಟವಾಗಿತ್ತು. "ನಿಮ್ಮ ಕಬ್ಬಿಣದ ಕಥೆ ಕಟ್ಟಿಕೊಂಡು ನನಗೇನಾಗಬೇಕು? ಹನ್ನೆರಡು ದಿವಸ ಮಕ್ಕಳು ನನ್ನ ಮುಖ ನೋಡಿ ನಕ್ಕಿದಾರೆ. ಸಹೋದ್ಯೋಗಿಗಳೂ ಸಂದಿಯಲ್ಲಿ ನಿಂತು ನಕ್ಕಿದಾರೆ." ಅವರು ಚೀಲ ಎತ್ತಿಕೊಂಡು, ತಿರುಗಿ ನೋಡದೆ ಹೋದರು.

ಹಲ್ಲಕ್ಕನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಹನ್ನೆರಡು ದಿನಕ್ಕೆ ಕಾರಣರಾದವರ ಮೇಲಿನ ಸಿಟ್ಟು ಮಾತ್ರ ಒಂದು ಹಿಡಿ ಹೆಚ್ಚಾಯಿತು.

ಯಜಮಾನರು ಪತ್ರ ಬರೆಯಲು ಇನ್ನೂ ಮೂರು ದಿನ ತೆಗೆದುಕೊಂಡರು. 'ಕೆಲವು ತಾಂತ್ರಿಕ ಕಾರಣಗಳಿಂದ' ಎಂದು ಮೊದಲ ಸಲ ಬರೆದರು. ಹಲ್ಲಕ್ಕ ಓದಿ ಅವರ ಮೇಜಿನ ಮೇಲೆ ವಾಪಸ್ ಇಟ್ಟಳು. 'ಬಿಡಿಭಾಗದ ದೋಷದಿಂದ' ಎಂದು ಎರಡನೇ ಸಲ ಬರೆದರು. ಅದನ್ನೂ ವಾಪಸ್ ಇಟ್ಟಳು.

"ಇನ್ನೇನು ಬರೀಬೇಕು ಹೇಳಿ ಮತ್ತೆ!" ಎಂದು ಯಜಮಾನರು ರೇಗಿದರು.

"ನಡೆದದ್ದನ್ನ ಬರೀರಿ. ಸಾಮಾನು ಬದಲಾಯಿಸಿದ್ದು ನಿಮ್ಮವರು. ನಾನು ಹೇಳಿದಾಗ ಕೇಳದೇ ಇದ್ದದ್ದು ನೀವು. ನೋಡದೇ ಕಳಿಸಿದ್ದು ನಾನು. ಮೂರೇ ಸಾಲು."

ಅವರು ಅವಳ ಕಂಪ್ಯೂಟರಿನ ಮುಂದೆಯೇ ಕೂತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಆ ಮೂರು ಸಾಲು ಹೊಡೆದರು. ಮುಗಿಯುವವರೆಗೂ ಹಲ್ಲಕ್ಕ ಬೆನ್ನ ಹಿಂದೆ ನಿಂತಿದ್ದಳು. ಸಹಿಯಾದ ಕೂಡಲೇ ಪತ್ರವನ್ನು ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದಳು. ಡೆಲಿವರಿಯವನ ಕೈಗೆ ಕೊಡಲಿಲ್ಲ. ಲ್ಯಾಬಿನ ಕೋಟು ಕಳಚಿ ಮೊಳೆಗೆ ನೇತುಹಾಕಿ, ತಾನೇ ಕೊಟ್ಟುಬರಲು ಹೊರಟಳು.