ಬಾಗಿಲು ಹಾಕಿಸುತ್ತಿದ್ದವರು

ದೇವರಾಜು ಎರಡೂ ಕೈ ಹಾಕಿ ಎಳೆದರೂ ಹೋಟೆಲಿನ ಶಟರ್ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹಗಲು ಹೊತ್ತಿನಲ್ಲಿ ಅದನ್ನು ಎಳೆದು ಯಾವ ಕಾಲವಾಗಿತ್ತೋ. ಒಳಗೆ ಇಡ್ಲಿ ತಿನ್ನುತ್ತಿದ್ದ ಲಾರಿ ಡ್ರೈವರೊಬ್ಬ ಬಗ್ಗಿ ನೋಡಿ, "ಏನ್ ಯಜಮಾನ್ರೇ, ಇವತ್ತು ಬಂದ್ ಏನು?" ಎಂದ.

"ಬಂದ್ ಅಲ್ಲ ಕಣಪ್ಪ. ಪಾತ್ರೆ ಅಂಗ್ಡಿ ಕಾಂತರಾಜಣ್ಣ ತೀರ್ಕಂಡ್ರು. ನೀನು ತಿನ್ನು, ಅವ್ರು ಈ ಕಡೆ ಬರೋದು ಇನ್ನೂ ತಡ ಆಯ್ತದೆ."

ಪಿರಿಯಾಪಟ್ಟಣದ ಈ ಪೇಟೆ ಬೀದಿಯಲ್ಲಿ ಒಂದು ಪದ್ಧತಿ ಇದೆ. ಇತ್ತು ಎನ್ನುವುದೇ ಸರಿಯೇನೋ. ಬೀದಿಯ ವ್ಯಾಪಾರಿ ಯಾರೇ ಸತ್ತರೂ ಹೆಣ ಹೋಗುವಾಗ ಎರಡೂ ಬದಿಯ ಅಂಗಡಿಗಳು ಬಾಗಿಲು ಹಾಕಬೇಕು. ಸತ್ತವನ ಜೊತೆ ಜಗಳವಿದ್ದರೂ ಸರಿ, ಶಟರ್ ಎಳೆದು ಹೊರಗೆ ನಿಂತು ಕೈಮುಗಿಯಬೇಕು. ಚಟ್ಟ ದಾಟಿ ಹೋದಮೇಲೆ ತೆಗೆದು ವ್ಯಾಪಾರ ಮಾಡಿಕೊಳ್ಳಬಹುದು. ಯಾರೂ ಹೇಳದಿದ್ದರೂ ಅಂಗಡಿ ಅಂಗಡಿಗೆ ಹೋಗಿ ಬಾಗಿಲು ಹಾಕಿಸುವ ಕೆಲಸವನ್ನು ಮೈಮೇಲೆ ಹಾಕಿಕೊಂಡಿದ್ದವರು ಕಾಂತರಾಜ್. ಈಗ ಅವರಿಗೇ ಹಾಕಿಸಬೇಕಾಗಿತ್ತು.

ಶಟರನ್ನು ಅಷ್ಟಕ್ಕೇ ಬಿಟ್ಟು ದೇವರಾಜು ಪಾತ್ರೆ ಅಂಗಡಿಯ ಕಡೆ ನಡೆದ. ಅಂಗಡಿಯ ಜಗುಲಿಯ ಮೇಲೆಯೇ ಕಾಂತರಾಜರನ್ನು ಮಲಗಿಸಿದ್ದರು. ಹಿಂದಿನ ಸಂಜೆ ಗಲ್ಲಾದ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ. ಹೆಂಡತಿ ಸುನಂದಮ್ಮ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಮಗ ಶಶಿಕುಮಾರ್ ಊರಿನಲ್ಲೇ ಗೂಡ್ಸ್ ಆಟೋ ಓಡಿಸುವವನು. ತಲೆ ಬೋಳಿಸಿಕೊಂಡು ಅವ್ವನ ಮುಂದೆ ಕೂತಿದ್ದ.

"ಬೈಪಾಸ್ ಮೇಲೆ ವ್ಯಾನ್‌ನಾಗೆ ತಕ್ಕೊಂಡೋಗನ ಅವ್ವ. ಪೇಟೆ ಬೀದೀಲಿ ಯಾರು ಬಾಗ್ಲಾಕ್ತಾರೆ ಈಗ? ಸುಮ್ನೆ ಅವಮಾನ."

"ಬೈಪಾಸ್‌ನಾಗೆ ಓಗಕ್ಕೆ ಅವ್ರೇನು ಟೊಮೇಟೊ ಕ್ರೇಟಾ?" ಸುನಂದಮ್ಮ ದೇವರಾಜುವಿನ ಕಡೆ ತಿರುಗಿದಳು. "ಅಣ್ಣ, ನಿಮ್ಗೆ ಕೈಮುಗೀತೀನಿ. ಊರ್‌ನೋರ್ಗೆಲ್ಲ ಬಾಗ್ಲಾಕ್ಸಿದ್ರು. ಅವ್ರಿಗೂ ಹಾಕ್ಸಿ. ನಂಗೆ ಇನ್ನೇನೂ ಬ್ಯಾಡ."

"ಹಾಕಿಸ್ತೀನಿ ಕಣವ್ವ," ಎಂದ ದೇವರಾಜು. ಅಂದಮೇಲೆ ಬೀದಿಯಲ್ಲಿ ತೆರೆದಿರುವ ಅಂಗಡಿಗಳನ್ನು ಮನಸ್ಸಿನಲ್ಲೇ ಎಣಿಸಿದ.

*

ಬೆಲ್ಲದ ಮಂಡಿಯ ಮುದುಕ ಸತ್ತಾಗಿನ ಮಾತು. ಅವನಿಗೂ ಕಾಂತರಾಜರಿಗೂ ಚರಂಡಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ಬೆಳಿಗ್ಗೆಯೇ ಕಾಂತರಾಜ್ ಹೆಗಲಿಗೆ ಟವೆಲು ಹಾಕಿ ಹೊರಟರು. ತಂಬಾಕು ಹರಾಜಿನ ದಿನಗಳು. ಬೆಟ್ಟದಪುರದ ಕಡೆಯಿಂದ ರೈತರು ಬಂದು ಬೀದಿ ಗಿಜಿಗುಡುತ್ತಿತ್ತು. ಬಟ್ಟೆ ಅಂಗಡಿಯವನು ಸೀರೆ ಬಿಚ್ಚಿ ಹರವಿಕೊಂಡು ಗೊಣಗಿದ.

"ಹತ್ತು ನಿಮ್ಷದಾಗೆ ಯಾವೋನೂ ಸಾವ್ಕಾರ ಆಗಕ್ಕಿಲ್ಲ ಕಣ್ಲಾ, ಎಳಿ ಬಾಗ್ಲು," ಎಂದು ಕಾಂತರಾಜ್ ತಾವೇ ಶಟರ್ ಎಳೆದುಬಿಟ್ಟರು. ಒಳಗಿದ್ದ ಗಿರಾಕಿಗಳೂ ಒಳಗೇ ಉಳಿದರು. ಅವತ್ತು ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಹೊತ್ತವರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಮುದುಕನ ಮಗ ಆಮೇಲೆ ಬಂದು ಕಾಂತರಾಜರ ಕೈಹಿಡಿದು ಅತ್ತ.

*

ದೇವರಾಜು ಮೊದಲು ಹೋದದ್ದು ಯತೀಶನ ಮೊಬೈಲ್ ಅಂಗಡಿಗೆ. ಯತೀಶ ಊರ ಹುಡುಗನೇ.

"ಅರ್ಧ ಎಳೀತೀನಿ ಕಣಣ್ಣ. ಪೂರ್ತಿ ಎಳುದ್ರೆ ಕಂಪ್ನಿಯೋರು ಫೋಟೋ ಕೇಳ್ತಾರೆ, ಅಂಗ್ಡಿ ಯಾಕೆ ಮುಚ್ಚಿದ್ದೆ ಅಂತ."

"ನೀನು ಹುಟ್ಟುದಾಗ ನಿಮ್ಮನೆಗೆ ತೊಟ್ಟಿಲ ಶಾಸ್ತ್ರದ ತಟ್ಟೆಗೆ ಹೆಸರು ಕೊರ್ದು ಕೊಟ್ಟೋರು ಕಣೋ ಅವ್ರು."

"ಗೊತ್ತು ಕಣಣ್ಣ. ಅದ್ಕೇ ಅರ್ಧ."

ಚಿನ್ನದ ಮೇಲೆ ಸಾಲ ಕೊಡುವ ಕಚೇರಿಯ ಕಾವಲುಗಾರ ಕನ್ನಡ ಬಾರದವನು; ನಗುತ್ತಾ ತಲೆ ಅಲ್ಲಾಡಿಸಿದ, ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ. ಔಷಧಿ ಅಂಗಡಿಯವರನ್ನು ಕೇಳುವಂತಿಲ್ಲ. ನಡುವೆ ಸಾಲಾಗಿ ಮುಚ್ಚಿದ ಅಂಗಡಿಗಳಿದ್ದವು. ಬಟ್ಟೆ ಅಂಗಡಿ, ಬೆಲ್ಲದ ಮಂಡಿ, ಟೈಲರ್ ಅಂಗಡಿ, ಎಲ್ಲದರ ಮೇಲೂ 'ಬಾಡಿಗೆಗೆ ಇದೆ' ಎಂಬ ಚೀಟಿ. ಕೇಳದೆಯೇ ಬಾಗಿಲು ಹಾಕಿದ್ದವು ಇವು ಮಾತ್ರ. ದೇವರಾಜುವಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು.

ಉಳಿದದ್ದು ಮಾರ್ಟ್. ಬೀದಿಯ ಒಂದು ಬದಿಯ ಅರ್ಧವನ್ನೇ ನುಂಗಿಕೊಂಡ ಎರಡಂತಸ್ತಿನ ಕಟ್ಟಡ. ಅದು ತೆರೆದಿದ್ದರೆ ಬೀದಿಯೇ ತೆರೆದಿದ್ದಂತೆ.

*

ಆ ಮಾರ್ಟ್ ಬರುತ್ತದೆಂದಾಗ ವರ್ತಕರೆಲ್ಲ ದೇವರಾಜುವಿನ ಹೋಟೆಲಿನಲ್ಲಿ ಸೇರಿದ್ದರು. ತಡೆಯಬೇಕು, ಪುರಸಭೆಗೆ ಮುತ್ತಿಗೆ ಹಾಕಬೇಕು ಎಂದು ಕೂಗಾಡಿದ್ದರು. ಎದ್ದು ನಿಂತು ಎಲ್ಲರ ಬಾಯಿ ಮುಚ್ಚಿಸಿದವರು ಕಾಂತರಾಜ್.

"ದೊಡ್ಡ ಅಂಗ್ಡಿ ಬಂದ್ರೆ ಜನ ಬತ್ತಾರೆ ಕಣ್ರೀ. ಮೈಸೂರಿಗೆ ಓಗೋ ಗಿರಾಕಿ ಇಲ್ಲೇ ನಿಲ್ತಾನೆ. ನಿಂತೋನು ನಮ್ಮ ಅಂಗ್ಡಿಗೂ ಬರದೆ ಎಲ್ಲೋಯ್ತಾನೆ? ನಮ್ಮೂರು ಬೆಳೀಬಾರ್ದಾ?"

ಅವರ ಮಾತನ್ನು ಬೀದಿ ನಂಬಿತು. ಉದ್ಘಾಟನೆಯ ದಿನ ಕುಂಬಳಕಾಯಿ ಒಡೆದವರೂ ಅವರೇ. ಜನ ಬಂದದ್ದು ನಿಜ, ಕಾರುಗಳೂ ಬಂದವು. ಮಾರ್ಟ್‌ನ ಮುಂದೆ ನಿಂತು, ತುಂಬಿಕೊಂಡು, ಹಾಗೇ ತಿರುಗಿಕೊಂಡು ಹೋದವು. ಮೇಲಿನ ಅಂತಸ್ತಿನಲ್ಲಿ ಸ್ಟೀಲ್ ಪಾತ್ರೆಗಳು ಒಂದು ಕೊಂಡರೆ ಒಂದು ಉಚಿತ. ಮದುವೆಗೆ ಉಡುಗೊರೆ ಕೊಡುವವರು ಅಲ್ಲಿ ಕೊಂಡ ಕೊಳಗ, ತಟ್ಟೆಗಳನ್ನು ಹೆಸರು ಹಾಕಿಸಲು ಮಾತ್ರ ಕಾಂತರಾಜರ ಹತ್ತಿರ ತರುತ್ತಿದ್ದರು. ಆ ಕೆಲಸ ಮಾರ್ಟ್‌ನವರಿಗೆ ಬರುತ್ತಿರಲಿಲ್ಲ. ಕಾಂತರಾಜ್ ಬೇಡ ಅನ್ನುತ್ತಿರಲಿಲ್ಲ. ಕೊರೆಯುವ ಮಿಷನ್ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮಾರ್ಟ್‌ನ ಪಾತ್ರೆಗೆ ವಧೂವರರ ಹೆಸರು ಬರೆಯುತ್ತಿದ್ದರು. ದೇವರಾಜು ಒಮ್ಮೆ ತಡೆಯಲಾರದೆ, "ಮಾನ ಮರ್ವಾದೆ ಇಲ್ವೇನಣ್ಣ?" ಎಂದು ರೇಗಿದ್ದ. ಕಾಂತರಾಜ್ ತಲೆ ಎತ್ತಲಿಲ್ಲ. "ಹುಡ್ಗಿ ಹೆಸರು ಚೆನ್ನಾಗದೆ, ಅದೇನು ಮಾಡ್ತು?" ಅಂದರು.

*

ಮಾರ್ಟ್‌ನ ಪಕ್ಕದ ಓಣಿಯಲ್ಲಿ ಲಾರಿಯಿಂದ ಸಾಮಾನು ಇಳಿಯುತ್ತಿತ್ತು. ಪವಿತ್ರ ಅಲ್ಲೇ ನಿಂತಿದ್ದಳು. ಮೊದಲು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ವ್ಯಾಪಾರ ಬಿದ್ದಮೇಲೆ ಕಾಂತರಾಜರೇ ಕರೆತಂದು ಇಲ್ಲಿ ಸೇರಿಸಿದ್ದರು, ಈಗ ಸೂಪರ್‌ವೈಸರ್. ದೇವರಾಜುವನ್ನು ಕಂಡದ್ದೇ ಅವಳ ಮುಖ ಸೊರಗಿತು.

"ನೀವು ಬತ್ತೀರಿ ಅಂತ ಗೊತ್ತಿತ್ತು ಕಣಣ್ಣ. ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇವ್ನಿ. ಮೈಸೂರಿನೋರು ಬೆಂಗ್ಳೂರಿಗೆ ಕೇಳು ಅಂದ್ರು. ಬೆಂಗ್ಳೂರಿನೋರು, ಸತ್ತೋರು ನಮ್ಮ ಸ್ಟಾಫಾ ಅಂದ್ರು."

"ನೀನೇನಂದೆ?"

"ಅಲ್ಲ ಅಂದೆ. ಇನ್ನೇನನ್ಲಿ?" ಲಾರಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹಂಗಾದ್ರೆ ಮುಚ್ಚಂಗಿಲ್ಲ, ಕ್ಯಾಮೆರಾದಾಗೆ ನೋಡ್ತಿರ್ತೀವಿ ಅಂದ್ರು. ನಾನು ಮುಚ್ಚಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ನಮ್ಮಪ್ಪ ಲಕ್ವ ಹೊಡ್ದು ಮಲಗವ್ರೆ, ನಿಮ್ಗೇ ಗೊತ್ತಲ್ಲ."

ದೇವರಾಜುವಿಗೆ ಬೈಯಬೇಕೆನಿಸಿತು. ಯಾರನ್ನು ಬೈಯುವುದು? ಕೈಗೆ ಸಿಕ್ಕಿದವಳು ಇವಳೊಬ್ಬಳೇ, ಇವಳನ್ನು ಬೈಯಲು ಮನಸ್ಸಾಗಲಿಲ್ಲ.

"ಹಾಡು ನಿಲ್ಲುಸ್ತೀನಿ," ಎಂದಳು ಪವಿತ್ರ. "ಗಿರಾಕಿಗಳ್ನ ಆಚೆ ಬುಡಲ್ಲ, ಒಳಿಕ್ಕೂ ಬುಡಲ್ಲ. ಎಲ್ರೂ ಕೈಮುಕ್ಕೊಂಡು ನಿಂತ್ಕತೀವಿ. ಅಷ್ಟೇ ಅಣ್ಣ ನನ್ನ ಕೈಲಾಗೋದು."

ಮಧ್ಯಾಹ್ನ ತಮಟೆ ಮುಂದಾಗಿ ಚಟ್ಟ ಎದ್ದಿತು. ದೇವರಾಜು ಮುಂದಿನ ಎಡಬದಿಯ ಬಿದಿರಿಗೆ ಹೆಗಲು ಕೊಟ್ಟಿದ್ದ. ಹೆಂಗಸರು ಪೇಟೆ ಬೀದಿಯ ಕೊನೆಯವರೆಗೆ ಬರುವುದು ವಾಡಿಕೆ. ಸುನಂದಮ್ಮನನ್ನು ಇಬ್ಬರು ಹಿಡಿದುಕೊಂಡು ನಡೆಸುತ್ತಿದ್ದರು. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾ ಬಂದಳು. ಯತೀಶ ಮಾತಿನಂತೆ ಅರ್ಧ ಎಳೆದಿದ್ದ. ದೇವರಾಜುವಿನ ಹೋಟೆಲಿನದೂ ಅರ್ಧವೇ. ಬಾಡಿಗೆಯ ಚೀಟಿಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು.

ಮಾರ್ಟ್ ಹತ್ತಿರ ಬಂದಾಗ ಒಳಗಿನ ಹಾಡು ನಿಂತಿತು. ಗಾಜಿನ ಆಚೆ ಹುಡುಗ ಹುಡುಗಿಯರು ಕೈಮುಗಿದು ಸಾಲಾಗಿ ನಿಂತಿದ್ದರು. ಅಷ್ಟಾದರೂ ಆಯಿತಲ್ಲ ಎಂದು ದೇವರಾಜು ಉಸಿರು ಬಿಟ್ಟ. ಅಷ್ಟರಲ್ಲಿ ಎದುರಿನಿಂದ ಬಸ್ಸೊಂದು ನುಗ್ಗಿ ಬಂತು. ಹೊತ್ತವರು ದಾರಿ ಬಿಡಲು ಪಕ್ಕಕ್ಕೆ ಸರಿದು ಮಾರ್ಟ್‌ನ ಮೆಟ್ಟಿಲಿಗೆ ತಾಗಿದಂತೆ ನಿಂತರು.

ಗಾಜಿನ ಬಾಗಿಲು ಸುಯ್ಯೆಂದು ಎರಡೂ ಕಡೆ ತೆರೆದುಕೊಂಡಿತು. ಮುಂದೆ ಯಾರು ಬಂದರೂ ತಾನಾಗಿ ತೆರೆದುಕೊಳ್ಳುವ ಬಾಗಿಲು ಅದು. ಗಿರಾಕಿ ಯಾರು, ಹೆಣ ಯಾವುದು ಎಂಬುದು ಅದಕ್ಕೆ ತಿಳಿಯದು.

ಪವಿತ್ರ ಓಡಿ ಬಂದು ಎರಡೂ ಗಾಜುಗಳನ್ನು ಹಿಡಿದು ಎಳೆದಳು. ಅವು ಕೂಡುವಷ್ಟರಲ್ಲಿ ಹೊತ್ತವನೊಬ್ಬ ಹೆಗಲು ಬದಲಾಯಿಸಿದ, ಬಾಗಿಲು ಮತ್ತೆ ಬಿಚ್ಚಿತು. ಮತ್ತೆ ಎಳೆದಳು. ಮತ್ತೆ ಬಿಚ್ಚಿತು. ಕ್ಯಾಮೆರಾದ ನೆನಪೇ ಇಲ್ಲದವಳಂತೆ, ಅಳುತ್ತಾ, ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತಿದ್ದಳು. ತಮಟೆಯವರೂ ಬಾರಿಸುವುದು ಮರೆತು ನೋಡುತ್ತಾ ನಿಂತರು. ಬಸ್ಸು ಇನ್ನೂ ದಾಟಿರಲಿಲ್ಲ.

ಸುನಂದಮ್ಮ ಹಿಡಿದವರ ಕೈ ಬಿಡಿಸಿಕೊಂಡು ಮೆಟ್ಟಿಲ ಹತ್ತಿರ ಬಂದಳು.

"ಬುಡು ಮಗ," ಎಂದಳು. "ಕೈ ಸಿಕ್ಕಾಕತದೆ."

ಪವಿತ್ರ ಕೈ ಬಿಟ್ಟಳು. ಬಾಗಿಲು ಪೂರ್ತಿ ತೆರೆದುಕೊಂಡು, ಒಳಗಿನ ತಣ್ಣನೆಯ ಗಾಳಿ ಬಂದು ಚಟ್ಟದ ಮೇಲಿನ ಸೇವಂತಿಗೆ ಹಾರವನ್ನು ಅಲ್ಲಾಡಿಸಿತು.