ಭದ್ರಮ್ಮನ ಸೊಂಟ, ತಾಯಮ್ಮನ ಮುಯ್ಯಿ

ಆ ಬೆಳಿಗ್ಗೆ ಪಾಳ್ಯದಲ್ಲಿ ಎಂಥ ಮಂಜು ಬಿದ್ದಿತ್ತೆಂದರೆ ಎದುರು ಮನೆಯ ಹೆಂಚೂ ಕಾಣುತ್ತಿರಲಿಲ್ಲ. ಆದರೂ ಭದ್ರಮ್ಮ ಸೊಂಟ ತೋರಿಸಲು ಹಾಸನಕ್ಕೆ ಹೊರಟದ್ದು ಮಾತ್ರ ಊರಿಗೆಲ್ಲ ಕಂಡಿತು. ಜೀಪು ಹತ್ತುವಾಗ ಮಂಜಿನೊಳಗಿಂದ ದನಿಗಳು ಬಂದವು. “ಆಪರೇಷನ್ ಅಂದ್ರೆ ಒಪ್ಕೋಬೇಡ ಕಣಕ್ಕ!” “ಒಪ್ಕೊಂಬುಡು ಅತ್ಲಾಗೆ!” ಇನ್ನೊಂದು ದನಿಗೆ ಹಾಸನದಿಂದ ಕುಕ್ಕರ್ ಗ್ಯಾಸ್ಕೆಟ್ ಬೇಕಿತ್ತು.

ಶಿವ ದಯಾಮಯ. ನೋವನ್ನು ಒಬ್ಬರಿಗೇ ಕೊಟ್ಟರೂ ಅದರ ತಿಳಿವಳಿಕೆಯನ್ನು ಊರಿಗೆಲ್ಲ ಹಂಚಿಬಿಡುತ್ತಾನೆ.

ಭದ್ರಮ್ಮನ ನೋವು ಎಡಗಡೆ, ಬೆನ್ನು ಮುಗಿದು ಕುಂಡಿ ಶುರುವಾಗುವ ಜಾಗದಲ್ಲಿ. ಕಾಫಿ ಚೀಲ ಹೊತ್ತು ಕಣದಲ್ಲಿ ಜಾರಿ ಕೂತಾಗ ಬಂದದ್ದು, ಹೋಗಲೇ ಇಲ್ಲ. ಮೆಟ್ಟಿಲು ಹತ್ತಿದರೆ ನೋವು, ಕೂತರೆ ನೋವು, ಕೂತವಳು ಎದ್ದರೆ ಇನ್ನೂ ನೋವು. ಒಬ್ಬ ಡಾಕ್ಟರು ಡಿಸ್ಕ್ ಅಂದರು, ಇನ್ನೊಬ್ಬರು ವಯಸ್ಸು ಅಂದರು, ಎಣ್ಣೆ ತಿಕ್ಕುವವನು ವಾಯು ಅಂದ. ಎಲ್ಲರೂ ಖಡಾಖಂಡಿತವಾಗಿ ಹೇಳಿದ್ದರಿಂದ ಭದ್ರಮ್ಮ ಎಲ್ಲರನ್ನೂ ನಂಬಿದಳು.

ಅವಳ ಮನಸ್ಸನ್ನು ಕೊರೆಯುತ್ತಿದ್ದದ್ದು ಮಾತ್ರ ಬೇರೆ. ನಮ್ಮ ಕಡೆ ಸಣ್ಣ ತೋಟದವರು ಕಾಫಿ ಕುಯ್ಲಿಗೆ ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ನೀನು ನನ್ನ ತೋಟಕ್ಕೆ, ನಾಳೆ ನಾನು ನಿನ್ನ ತೋಟಕ್ಕೆ. ಮೈಯಿಂದ ಪಡೆದದ್ದನ್ನು ಮೈಯಿಂದಲೇ ತೀರಿಸಬೇಕು. ಪಕ್ಕದ ತೋಟದ ತಾಯಮ್ಮ ಎರಡು ಕುಯ್ಲಿಗೆ ಬಂದು ಇವಳ ಗಿಡಗಳ ಹಣ್ಣು ಬಿಡಿಸಿಕೊಟ್ಟಿದ್ದಳು. ಭದ್ರಮ್ಮ ಒಂದು ದಿನದ ಮುಯ್ಯಿಯನ್ನೂ ತೀರಿಸಿರಲಿಲ್ಲ. ಅವಳ ಗಂಡ ಸಿದ್ದಯ್ಯ, “ಕೂಲಿಯವ್ರನ್ನ ಕಳುಸ್ತೀನಿ ತಾಯಮ್ಮ” ಎಂದಿದ್ದಕ್ಕೆ, “ನಾನ್ ಬಂದಿದ್ದು ನಿನ್ನೆಂಡ್ರಿಗೆ ಕಣಣ್ಣ, ನಿನ್ನ ಕೂಲಿಯವ್ರಿಗಲ್ಲ” ಎಂದಿದ್ದಳು. ಅಂದಿನಿಂದ ತಾಯಮ್ಮ ಬೇಲಿ ಹತ್ತಿರ ಕಂಡರೆ ಭದ್ರಮ್ಮ ಒಳಗೆ ಹೋಗಿಬಿಡುತ್ತಿದ್ದಳು.

ಹಾಸನದ ಡಾಕ್ಟರ್ ಲಿಯಾನ್ ಅವಳನ್ನು ಮಗ್ಗುಲು ಮಲಗಿಸಿ, ಕಾಲು ಮಡಿಸಿ, ಸೊಂಟ ಅದುಮಿ ನೋಡಿದರು.

“ಅಮ್ಮಾ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರೋ ಕಡೆ ಒಂದು ಕೀಲಿದೆ. ನನಗೆ ಅದರ ಮೇಲೇ ಅನುಮಾನ. ಮಾತ್ರೆ, ಬೆಲ್ಟು, ವ್ಯಾಯಾಮ ಎಲ್ಲ ಮಾಡಿ ಆಗಿದೆ. ಅದೇ ಅಂತ ಖಾತ್ರಿಯಾದ್ರೆ ಸಣ್ಣ ಕಂಬಿ ಕೂರಿಸಿ ಕೀಲು ಅಲ್ಲಾಡದ ಹಾಗೆ ಬೆಸೀಬಹುದು. ಅದಲ್ಲದಿದ್ರೆ ಕಂಬಿಯೂ ಇರುತ್ತೆ, ನೋವೂ ಇರುತ್ತೆ.”

“ಖಾತ್ರಿ ಹೆಂಗೆ ಸಾರ್?” ಎಂದ ಸಿದ್ದಯ್ಯ.

“ಕೀಲಿನೊಳಗೆ ಮರಗಟ್ಟಿಸೋ ಔಷಧಿ ಹಾಕ್ತೀನಿ. ಅದರ ಜೋರು ಸಾಯಂಕಾಲದವರೆಗೆ. ಅಷ್ಟರಲ್ಲಿ ಯಾವ ಕೆಲಸ ಮಾಡಿದ್ರೆ ನೋವು ಬರುತ್ತೋ ಬೇಕಂತಲೇ ಅದನ್ನ ಮಾಡಬೇಕು. ನೋವು ಬರಲಿಲ್ವೋ, ಕಳ್ಳ ಸಿಕ್ಕಿದ.”

ಸಿದ್ದಯ್ಯ ತಲೆಯಾಡಿಸಿದ. ಆಸ್ಪತ್ರೆಯಲ್ಲಿ ತಲೆಯಾಡಿಸುವುದು ಅವನಿಗೆ ದೇವಸ್ಥಾನದಲ್ಲಿ ಕೈಮುಗಿದಷ್ಟೇ ಸಹಜ. ಕೇಳಿಸಿತು ಎಂದು ಅದರ ಅರ್ಥವಲ್ಲ.

ಸೂಜಿ ಹಾಕಿಸಿಕೊಂಡು ಮನೆಗೆ ಬಂದರೆ ಸಿದ್ದಯ್ಯನ ಅಕ್ಕ ಕೆಂಚಮ್ಮ ಹಾನುಬಾಳಿನಿಂದ ಬಸ್ಸಿನಲ್ಲಿ ಬಂದಿಳಿದು, ಆಗಲೇ ಹಾಸಿಗೆ ಹಾಸಿಟ್ಟಿದ್ದಳು.

“ಸೂಜಿ ಹಾಕಿಸ್ಕೊಂಡು ನೆಲಕ್ಕೆ ಕಾಲಿಡೋದುಂಟಾ? ಮಲಗು!”

“ಕೆಲಸ ಮಾಡು ಅಂದವ್ರೆ ಅತ್ತಿಗೆ...”

“ಅವ್ರಿಗೇನು, ಅಂತಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ಅವ್ರು ಬಂದು ಗಂಜಿ ಕಾಯಿಸ್ತಾರಾ?”

ಭದ್ರಮ್ಮ ಮಲಗಿದಳು. ನಮ್ಮಲ್ಲಿ ರೋಗಿಯ ಧರ್ಮ ಮಲಗುವುದು, ನೆಂಟರ ಧರ್ಮ ಬ್ರೆಡ್ಡು ತರುವುದು. ರೋಗಿ ಎದ್ದು ಕಸ ಗುಡಿಸುತ್ತಿದ್ದರೆ ಬ್ರೆಡ್ಡು ತಂದವರ ಮುಖಕ್ಕೆ ಹೊಡೆದಂತೆ. ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡು, ಹಾರ್ಲಿಕ್ಸು, ಮೂಸಂಬಿ ಎಲ್ಲ ಸೇರಿ ಭದ್ರಮ್ಮನ ತಲೆದೆಸೆಯಲ್ಲಿ ಒಂದು ಸಣ್ಣ ಅಂಗಡಿ ಆಯಿತು.

“ಕಂಬಿ ಹಾಕಿದ್ರೆ ಸಿಡಿಲು ಹುಡುಕ್ಕೊಂಡು ಬತ್ತದಂತೆ” ಎಂದಳು ಒಬ್ಬಳು.

“ಹಂಗಾದ್ರೆ ಮಳೆಗಾಲದಲ್ಲಿ ಇವಳ ಪಕ್ಕ ಕೂರಂಗಿಲ್ಲ ಅನ್ನು.”

“ನಮ್ಮ ಭಾವಂಗೆ ಮಂಡಿಗೆ ಹಾಕವ್ರೆ. ಈಗ ಆರಾಮಾಗಿ ಕೂತವ್ನೆ.”

“ಮೊದ್ಲೂ ಕೂತೇ ಇದ್ನಲ್ಲೇ ಮಾರಾಯ್ತಿ, ಈಗ ಒಂದು ಕಾರಣ ಸಿಕ್ತು ಅಷ್ಟೆ.”

ಸಂಜೆ ಸಿದ್ದಯ್ಯ ಆಸ್ಪತ್ರೆಗೆ ಫೋನು ಹಚ್ಚಿದ. “ಒಂದ್ ಚೂರೂ ನೋವಿಲ್ಲ ಸಾರ್! ಡೇಟ್ ಕೊಟ್ಬುಡಿ.” ಅಷ್ಟರಲ್ಲಿ ಕೆಂಚಮ್ಮ ಅಯ್ಯನವರನ್ನು ಕೇಳಿ ಒಳ್ಳೆ ದಿನವನ್ನೂ ಗೊತ್ತು ಮಾಡಿದ್ದಳು. ಇನ್ನು ಬಾಕಿ ಇದ್ದದ್ದು ಸೊಂಟದ ಯಜಮಾನಿಯ ಒಪ್ಪಿಗೆ. ಅದೇನು ದೊಡ್ಡ ವಿಷಯವೆಂದು ಯಾರಿಗೂ ಅನ್ನಿಸಲಿಲ್ಲ.

ಭದ್ರಮ್ಮ ಮಾತ್ರ ಸೂರು ನೋಡುತ್ತ ಯೋಚಿಸುತ್ತಿದ್ದಳು. ಶಿವನೇ, ಸುಮ್ಮನೆ ಮಲಗಿದ್ದರೆ ನನಗೆ ಯಾವತ್ತು ನೋವಿತ್ತು? ಇವತ್ತು ಬರದಿದ್ದದ್ದು ಸೂಜಿಯಿಂದಲೋ ಹಾಸಿಗೆಯಿಂದಲೋ? ಗೊತ್ತಿಲ್ಲದೆ ಕಂಬಿ ಹೊಡೆಸಿಕೊಂಡು, ಬರುವ ವರ್ಷವೂ ಬೇಲಿಯಿಂದ ಮುಖ ತಪ್ಪಿಸಿ ಓಡಲೇ?

ಮುಂದಿನ ವಾರ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು. “ಆವತ್ತು ಏನೇನು ಕೆಲಸ ಮಾಡಿದ್ರಿ?”

“ಕೆಲಸಾನಾ!” ಸಿದ್ದಯ್ಯ ಎದೆಯುಬ್ಬಿಸಿದ. “ಕಾಲು ಕೆಳಗಿಡೋಕೆ ಬಿಟ್ಟಿಲ್ಲ ಸಾರ್.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಿದ್ದಯ್ಯನವರೇ, ನಾನು ಯಾವ ಭಾಷೇಲಿ ಹೇಳಿದ್ದೆ?”

“ಕನ್ನಡದಲ್ಲೇ ಸಾರ್. ಬಾಳ ಚೆನ್ನಾಗಿ ಹೇಳಿದ್ರಿ.”

ಭದ್ರಮ್ಮ ಬಾಯಿ ಬಿಟ್ಟಳು. “ಇನ್ನೊಂದ್ಸಲ ಹಾಕಿ ಡಾಕ್ಟ್ರೇ. ಈ ಸಲ ಕೆಲಸ ನಾನು ನೋಡ್ಕೋತೀನಿ. ಆಪರೇಷನ್ ಆದ್ರೆ ಕುಯ್ಲಿಗೆ ಹೋಗ್ಬೌದಾ?”

“ಈ ವರ್ಷ ಇಲ್ಲ. ಮೊದಲು ಕೆಲವು ವಾರ ಊರುಗೋಲು, ಆಮೇಲೂ ತಿಂಗಳುಗಟ್ಟಲೆ ಭಾರ ಎತ್ತೋ ಹಾಗಿಲ್ಲ. ನೋವು ಕಮ್ಮಿ ಆಗುತ್ತೆ ಅಂತ ನಂಬಿಕೆ ಇದೆ. ಎಲ್ಲರಿಗೂ ಪೂರ್ತಿ ಹೋಗಲ್ಲ. ನಿಮಗೆ ಎಷ್ಟು ಹೋಗುತ್ತೆ ಅಂತ ನಂಗೆ ಗೊತ್ತಿಲ್ಲ.”

ಇಷ್ಟು ವರ್ಷಗಳಲ್ಲಿ ‘ಗೊತ್ತಿಲ್ಲ’ ಎಂದ ಮೊದಲನೆಯವರು ಅವರೇ. ಭದ್ರಮ್ಮನಿಗೆ ಆಗ ಧೈರ್ಯ ಬಂತು.

ಎರಡನೇ ಸಲ ಸೂಜಿ ಹಾಕಿಸಿಕೊಂಡು ಬರುವಾಗ ಅವಳು ತಾಯಮ್ಮನ ತೋಟದ ಹತ್ತಿರ ಜೀಪು ನಿಲ್ಲಿಸಿದಳು.

“ಮನೆ ಮುಂದೈತಲ್ಲೇ!” ಎಂದ ಸಿದ್ದಯ್ಯ.

“ಮನೇಲಿ ಹಾಸಿಗೆ ಐತೆ” ಎಂದು ಇಳಿದಳು.

ತಾಯಮ್ಮ ಹಣ್ಣು ಬಿಡಿಸುತ್ತಿದ್ದಳು. ಭದ್ರಮ್ಮ ಗಿಡದ ಬುಡದಲ್ಲಿದ್ದ ಖಾಲಿ ಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು.

“ಏನೇ, ಸೂಜಿ ತಲೆಗೇರ್ತಾ?”

“ಸುಮ್ನೆ ಬಿಡ್ಸೇ.”

ದಿಬ್ಬ ಹತ್ತಿದಳು. ಬಗ್ಗಿ ಗಿಡದ ಕೆಳಗಿನ ರೆಕ್ಕೆಕೊಂಬೆ ಹಿಡಿದಳು. ಉದುರಿದ ಹಣ್ಣು ಆಯಲು ಕುಕ್ಕರಗಾಲಲ್ಲಿ ಕೂತಳು. ಎದ್ದಳು. ಏಳುವಾಗಲೆಲ್ಲ ಅಭ್ಯಾಸಬಲದಿಂದ ಹಲ್ಲು ಕಚ್ಚಿದಳು. ನೋವು ಬರಲಿಲ್ಲ. ಸಿದ್ದಯ್ಯ ಮಾತ್ರ ಏರಿಯ ಮೇಲೆ ನಿಂತು ಅವಳ ಪರವಾಗಿ ನರಳುತ್ತಿದ್ದ. “ಅಯ್ಯೋ, ಬಗ್ಗಬ್ಯಾಡ ಕಣೇ!” ಕೆಂಚಮ್ಮನ ಫೋನು ಬಂದಾಗ ದನಿ ತಗ್ಗಿಸಿ, “ಇಲ್ಲೇ ಅಕ್ಕ, ಪರೀಕ್ಷೆ ನಡೀತಾ ಐತೆ” ಎಂದ.

ಬಿಸಿಲು ಗುಡ್ಡದ ನೆತ್ತಿಗೆ ಸರಿದು ಸೂಜಿಯ ಜೋರು ಇಳಿದಾಗ ನೋವು ಬಂತು. ಅದೇ ಎಡಗಡೆ, ಅದೇ ಜಾಗ. ಭದ್ರಮ್ಮ ಸಿಲ್ವರ್ ಮರ ಹಿಡಿದು ನಿಂತು “ಶಿವ ಶಿವ” ಅಂದಳು. ಅದು ನರಳಿಕೆಯಾಗಿರಲಿಲ್ಲ.

“ಬಂತು ಕಣ್ರೀ. ಕಳ್ಳ ಅಲ್ಲೇ ಅವ್ನೆ. ಬೆಸೆಸ್ಕೋತೀನಿ.”

“ಅಕ್ಕನ್ನ ಒಂದ್ಮಾತು ಕೇಳಿ...”

“ಕೇಳಿ. ಬೇಕಾದ್ರೆ ಅವ್ರ ಸೊಂಟಕ್ಕೂ ಒಂದು ಕಂಬಿ ಹಾಕುಸ್ಲಿ. ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ.”

ತಾಯಮ್ಮ ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಭದ್ರಮ್ಮ ಸೊಂಟದ ಚೀಲ ಬಿಚ್ಚಿ, ಒಂದು ಕಾಲು ಎಳೆಯುತ್ತ ಅವಳ ಹತ್ತಿರ ಬಂದಳು. ಎರಡು ಕುಯ್ಲಿಗೆ ಅರ್ಧ ದಿನ ಯಾವ ಲೆಕ್ಕವೂ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಾಯಮ್ಮ ಎಷ್ಟಿದೆಯೆಂದು ನೋಡದೆ ತನ್ನ ದೊಡ್ಡ ಚೀಲದ ಬಾಯಿ ಅಗಲಿಸಿ ಹಿಡಿದಳು. ಭದ್ರಮ್ಮ ಒಂದು ಹಣ್ಣೂ ಆಚೆ ಬೀಳದ ಹಾಗೆ ಅದಕ್ಕೆ ಸುರಿದಳು.